ಅಜ್ಜನ ವೈಸ್‌ಗೆ ಬಣ್ಣ ಕೊನೆಗೆ, ಬಿರುಕಿನ ಪರೀಕ್ಷೆ ಮೊದಲು

ಪ್ರಶ್ನೆ: ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಿವೃತ್ತಿಯ ನಂತರ ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಕೆಲಸ ಮಾಡಿಕೊಂಡಿದ್ದರು. ಅವರು ಹರಾಜಿನಲ್ಲಿ ಕೊಂಡು ತಂದಿದ್ದ ದೊಡ್ಡ ಬೆಂಚ್ ವೈಸ್ (ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ), ಅವರು ತೀರಿಕೊಂಡ ಮೇಲೆ ದನದ ಕೊಟ್ಟಿಗೆ ಸೇರಿ ಹಲವು ವರ್ಷ ಅಲ್ಲೇ ಬಿದ್ದಿತ್ತು. ಅದರ ಮೇಲೆ ‘ರೆಕಾರ್ಡ್’, ‘ನಂಬರ್ 5’, ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಉಬ್ಬಕ್ಷರಗಳು ಕಾಣುತ್ತವೆ. ಸ್ಕ್ರೂ ಒಂದಿಷ್ಟೂ ತಿರುಗುವುದಿಲ್ಲ. ದವಡೆ ಪಟ್ಟಿಗಳ ತಿರುಪಿನ ಸೀಳುಗಳು ಸವೆದುಹೋಗಿವೆ. ಹಿಂದಿನ ದವಡೆಯ ಒಂದು ಮೂಲೆ ಸಿಡಿದಿದೆ. ತಳದಲ್ಲಿ ಉದ್ದನೆಯ ಗೆರೆಯೊಂದಿದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಪರಿಚಯದ ವೆಲ್ಡರ್ ಒಬ್ಬರು, ಗೆರೆಯ ಮೇಲೆ ವೆಲ್ಡಿಂಗ್ ಮಾಡಿ, ಸ್ಯಾಂಡ್‌ಬ್ಲಾಸ್ಟ್ (ಮರಳನ್ನು ರಭಸವಾಗಿ ಎರಚಿ ಮೇಲ್ಮೈ ಉಜ್ಜುವುದು) ಮಾಡಿಸಿ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಒಲೆಯಲ್ಲಿ ಕಾಯಿಸಿ ಕೂರಿಸುವುದು) ಹಾಕಿಸಿದರೆ ಹೊಸದರಂತೆ ಆಗುತ್ತದೆ ಎನ್ನುತ್ತಾರೆ. ಏನು ಮಾಡಲಿ? ಇಂಥ ಹಳೆಯ ವೈಸ್‌ಗಳನ್ನು ಇನ್ನೂ ಒಂದೆರಡು ಸಂಗ್ರಹಿಸುವ ಆಸೆಯೂ ಇದೆ.

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ವೆಲ್ಡಿಂಗ್ ಮತ್ತು ಪೌಡರ್ ಕೋಟಿಂಗ್ ಎರಡನ್ನೂ ಸದ್ಯಕ್ಕೆ ತಡೆಯಿರಿ. ವೈಸ್ ಅನ್ನು ಸರಿಪಡಿಸುವುದೆಂದರೆ ಅದು ಮತ್ತೆ ನೇರವಾಗಿ, ಬಿಗಿಯಾಗಿ, ಜಾರದಂತೆ ಹಿಡಿಯುವಂತೆ ಮಾಡುವುದು. ಅದಕ್ಕಾಗಿ ಎಷ್ಟು ಕಡಿಮೆ ಲೋಹವನ್ನು ಕೆರೆಯುತ್ತೇವೋ ಅಷ್ಟು ಒಳ್ಳೆಯದು. ಹೊಳಪು ಬಂದು ಹಿಡಿತ ಹೋದ ವೈಸ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ತುಕ್ಕಿನ ಕಲೆ ಉಳಿದಿದ್ದರೂ ಕಾಗದದ ಚೂರನ್ನು ದವಡೆಯ ಆ ತುದಿಯಿಂದ ಈ ತುದಿಯವರೆಗೆ ಸಮನಾಗಿ ಕಚ್ಚುವ ವೈಸ್ ಅದಕ್ಕಿಂತ ಎಷ್ಟೋ ಮೇಲು.

ನಿಮ್ಮ ಕೈಯಲ್ಲಿರುವುದು ಏನೆಂದು ಮೊದಲು ಹೇಳುತ್ತೇನೆ. ರೆಕಾರ್ಡ್ ಎಂಬುದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿಯ ವ್ಯಾಪಾರಮುದ್ರೆ. ಚಾರ್ಲ್ಸ್ ಮತ್ತು ಜೋಸೆಫ್ ಹ್ಯಾಂಪ್ಟನ್ 1898ರಲ್ಲಿ ಆ ಕಂಪನಿಯನ್ನು ಆರಂಭಿಸಿದರು. ಫಿಟ್ಟರ್‌ಗಳ ವೈಸ್‌ಗಳಲ್ಲಿ ಅವರ ಸಂಖ್ಯೆಗೂ ದವಡೆಯ ಅಗಲಕ್ಕೂ ಸಂಬಂಧವಿದೆ: 1 ಎಂದರೆ 3 ಇಂಚು, 3 ಎಂದರೆ 4 ಇಂಚು, 5 ಎಂದರೆ 5 ಇಂಚು, 6 ಎಂದರೆ 6 ಇಂಚು, 8 ಎಂದರೆ 8 ಇಂಚು. ನಿಮ್ಮದನ್ನು ಅಳೆದರೆ ಸುಮಾರು 127 ಮಿಲಿಮೀಟರ್ ಬರಬೇಕು. ಬರದಿದ್ದರೆ ಅನುಮಾನಪಡಿ. ನಮ್ಮ ದೇಶದಲ್ಲಿ ಇದೇ ಅಚ್ಚನ್ನು, ಇದೇ ನೀಲಿ ಬಣ್ಣವನ್ನು ನಕಲು ಮಾಡಿದ ವೈಸ್‌ಗಳು ಬಹಳ ಬಂದಿವೆ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅಸಲಿಯ ಉಬ್ಬಕ್ಷರಗಳ ಅಂಚು ಚೂಪಾಗಿ, ಸಾಲು ನೇರವಾಗಿ ಇರುತ್ತದೆ. ನಕಲಿನಲ್ಲಿ ಅಕ್ಷರದ ಅಂಚುಗಳು ಕರಗಿದಂತೆ ಮೊಂಡಾಗಿರುತ್ತವೆ.

ಅಜ್ಜ ಇದನ್ನು ಹರಾಜಿನಲ್ಲಿ ಕೊಂಡಿದ್ದರು ಎಂದಿದ್ದೀರಿ. ಹಾಗಿದ್ದರೆ ಇನ್ನೊಂದು ಗುರುತನ್ನು ಹುಡುಕಿ. ಹಿಂದಿನ ದವಡೆಯ ಮೇಲಿನ ಸಪಾಟಾದ ಜಾಗದಲ್ಲೋ ಬುಡದ ಅಂಚಿನಲ್ಲೋ ಪಂಚ್‌ನಿಂದ ಹೊಡೆದ ಸಣ್ಣ ಅಕ್ಷರಗಳು ಇರಬಹುದು. ಕಾರ್ಖಾನೆಗಳು ತಮ್ಮ ಉಪಕರಣಗಳಿಗೆ ಹೀಗೆ ಗುರುತು ಹಾಕುತ್ತಿದ್ದವು. ಹುಬ್ಬಳ್ಳಿಯ ವರ್ಕ್‌ಶಾಪ್ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ವಿಲೀನವಾಯಿತು. ‘ಎಂ ಎಸ್ ಎಂ’ ಎಂಬ ಅಕ್ಷರಗಳು ಸಿಕ್ಕರೆ ನಿಮ್ಮ ವೈಸ್ 1951ಕ್ಕಿಂತ ಮೊದಲೇ ಕೆಲಸಕ್ಕೆ ಸೇರಿತ್ತೆಂದು ಬಹುಮಟ್ಟಿಗೆ ಹೇಳಬಹುದು. ಸ್ಯಾಂಡ್‌ಬ್ಲಾಸ್ಟ್ ಬೇಡ ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ. ಕಾಲು ಮಿಲಿಮೀಟರ್ ಆಳದ ಆ ಗುರುತು ಒಂದೇ ಸಲದ ಬ್ಲಾಸ್ಟಿಂಗಿನಲ್ಲಿ ಮಸುಕಾಗಬಹುದು, ಆಮೇಲೆ ಅದನ್ನು ಮರಳಿ ತರುವ ದಾರಿಯೇ ಇಲ್ಲ.

ಈಗ ತಳದ ಗೆರೆ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು. ಈ ವೈಸ್‌ಗಳ ಮೈ ಬೂದು ಬೀಡು ಕಬ್ಬಿಣದ್ದು. ಬೀಡಿನಲ್ಲಿರುವ ಇಂಗಾಲದ ಬಹುಭಾಗ ಗ್ರಾಫೈಟ್‌ನ ತೆಳು ಹಾಳೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಆ ಹಾಳೆಗಳು ಕಂಪನವನ್ನು ನುಂಗುತ್ತವೆ. ಅರ ಹಾಕುವಾಗ ಬೀಡಿನ ವೈಸ್ ಕಿರುಚದೆ ಇರುವುದು ಅದಕ್ಕೇ. ಆದರೆ ಎಳೆತ ಬಿದ್ದಾಗ ಅವೇ ಹಾಳೆಗಳು ಬಿರುಕಿಗೆ ದಾರಿ ಮಾಡಿಕೊಡುತ್ತವೆ. ಬೀಡು ಒತ್ತಡವನ್ನು ತಡೆಯುವುದರ ಮೂರರಲ್ಲೊಂದು, ನಾಲ್ಕರಲ್ಲೊಂದು ಪಾಲು ಮಾತ್ರ ಎಳೆತವನ್ನು ತಡೆಯಬಲ್ಲದು. ಉಕ್ಕಿನಂತೆ ಬಾಗಿ ಎಚ್ಚರಿಸುವ ಗುಣವೂ ಅದಕ್ಕಿಲ್ಲ. ಮುರಿಯುವ ಕ್ಷಣದವರೆಗೂ ಸುಮ್ಮನಿರುತ್ತದೆ.

ಅದರ ಮೇಲೆ ಬೀಳುವ ಬಲವೆಷ್ಟು ಎಂದು ಲೆಕ್ಕ ಹಾಕಿ. ಹಿಡಿಯ ತುದಿ ಸ್ಕ್ರೂವಿನ ನಡುವಿನಿಂದ 200 ಮಿಲಿಮೀಟರ್ ದೂರದಲ್ಲಿದೆ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದವಡೆ 5 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳೋಣ. ಕೈ ಒಂದು ಸುತ್ತಿನಲ್ಲಿ ಸುಮಾರು 1,257 ಮಿಲಿಮೀಟರ್ ಚಲಿಸುತ್ತದೆ. ಅಂದರೆ ಬಲ 250 ಪಟ್ಟು ಹೆಚ್ಚಬೇಕು. ಸ್ಕ್ರೂವಿನ ಘರ್ಷಣೆ ಅದರಲ್ಲಿ ಮುಕ್ಕಾಲು ಪಾಲನ್ನು ತಿಂದರೂ 60 ಪಟ್ಟಿಗಿಂತ ಹೆಚ್ಚೇ ಉಳಿಯುತ್ತದೆ. 20 ಕಿಲೋ ಬಲದಿಂದ ಹಿಡಿಯನ್ನು ಎಳೆದರೆ ದವಡೆಗಳ ನಡುವೆ ಸುಮಾರು ಒಂದೂಕಾಲು ಟನ್ ಬೀಳುತ್ತದೆ. ಹಿಡಿಗೆ ಪೈಪು ಸಿಕ್ಕಿಸಿ ಉದ್ದವನ್ನು ಮೂರು ಪಟ್ಟು ಮಾಡಿದರೆ ಅದು ನಾಲ್ಕು ಟನ್‌ನ ಹತ್ತಿರ ಹೋಗುತ್ತದೆ. ವಸ್ತುವನ್ನು ದವಡೆಯ ಒಂದು ಮೂಲೆಯಲ್ಲಿ ಮಾತ್ರ ಕಚ್ಚಿಸಿದ್ದರೆ ಆ ಭಾರವೆಲ್ಲ ಒಂದೇ ಬದಿಗೆ. ಹಳೆಯ ವೈಸ್‌ಗಳಲ್ಲಿ ಬಿರುಕು ಹುಟ್ಟುವುದು ಹೆಚ್ಚಾಗಿ ಹೀಗೆ. ನಿಮ್ಮದರಲ್ಲಿ ಸಿಡಿದಿರುವ ಮೂಲೆಯೂ ಇದೇ ಕಥೆ ಹೇಳುತ್ತಿರಬಹುದು.

ನಿಮ್ಮ ಗೆರೆ ಬಿರುಕೇ ಆಗಿರಬೇಕೆಂದಿಲ್ಲ. ಎರಕ ಹೊಯ್ಯುವಾಗ ಮರಳಿನ ಅಚ್ಚಿನ ಎರಡು ಭಾಗಗಳು ಕೂಡುವ ಕಡೆ ಒಂದು ಗೆರೆ ಉಳಿಯುತ್ತದೆ. ಅದು ನೇರವಾಗಿ, ಉಬ್ಬಿಕೊಂಡು, ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ಉಗುರನ್ನು ಅಡ್ಡ ಎಳೆದರೆ ದಿಬ್ಬದಂತೆ ಸಿಗುತ್ತದೆ. ಬಿರುಕು ಒಳಕ್ಕೆ ಇಳಿದಿರುತ್ತದೆ, ಅಂಕುಡೊಂಕಾಗಿ ಹೋಗುತ್ತದೆ, ಸಾಮಾನ್ಯವಾಗಿ ಒಂದು ಮೂಲೆಯಿಂದಲೋ ರಂಧ್ರದ ಅಂಚಿನಿಂದಲೋ ಶುರುವಾಗುತ್ತದೆ. ಖಚಿತಪಡಿಸಿಕೊಳ್ಳಲು ಹಳೆಯ ಫೋರ್‌ಮನ್‌ಗಳು ಮಾಡುತ್ತಿದ್ದ ಪರೀಕ್ಷೆಯೇ ಸಾಕು. ಆ ಜಾಗವನ್ನು ತಂತಿಬ್ರಷ್‌ನಿಂದ ಶುಚಿಮಾಡಿ, ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಅಚ್ಚಿನ ಗೆರೆಯಾಗಿದ್ದರೆ ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ಇದೇ ಪರೀಕ್ಷೆಯನ್ನು ಮುಂದಿನ ದವಡೆ ಸ್ಲೈಡಿಗೆ (ಆ ದವಡೆಯೊಡನೆ ಒಳಗೆ ಹೊರಗೆ ಸರಿಯುವ ಉದ್ದನೆಯ ಭಾಗಕ್ಕೆ) ಕೂಡುವ ಒಳಮೂಲೆಯಲ್ಲಿ, ಸ್ಲೈಡ್ ಹಾದುಹೋಗುವ ಬಾಯಿಯ ಅಂಚಿನಲ್ಲಿ, ಬೋಲ್ಟು ಹಾಕಲು ಬುಡದಿಂದ ಚಾಚಿರುವ ಕಿವಿಗಳ ಸುತ್ತಲೂ ಮಾಡಿ. ದವಡೆ ಬಿಗಿದಾಗ ಎಳೆತ ಹೆಚ್ಚು ಬೀಳುವುದು ಆ ಒಳಮೂಲೆಗೆ.

ಬಿರುಕು ಕಿವಿಯಲ್ಲಿದ್ದರೆ ಚಿಂತೆಯಿಲ್ಲ, ಉಳಿದ ಬೋಲ್ಟುಗಳೇ ಹಿಡಿದುಕೊಳ್ಳುತ್ತವೆ. ಸ್ಲೈಡಿನ ಬುಡದಲ್ಲಿದ್ದರೆ ಅದು ಭಾರ ಹೊರುವ ಜಾಗ. ಅಲ್ಲಿ ಸಾಮಾನ್ಯ ವೆಲ್ಡಿಂಗ್ ರಾಡ್ ಹೊಡೆಯಲು ಯಾರಿಗೂ ಅವಕಾಶ ಕೊಡಬೇಡಿ. ವೆಲ್ಡಿಂಗಿನ ಬಿಸಿಗೆ ಬೀಡಿನ ಇಂಗಾಲ ಕರಗುತ್ತದೆ. ಸುತ್ತಲಿನ ತಣ್ಣನೆಯ ಲೋಹ ಆ ಬಿಸಿಯನ್ನು ಥಟ್ಟನೆ ಎಳೆದುಕೊಂಡಾಗ ವೆಲ್ಡಿನ ಪಕ್ಕದ ಪಟ್ಟಿ ಗಾಜಿನಂತೆ ಗಡುಸಾಗುತ್ತದೆ. ಮುಂದಿನ ಬಿರುಕು ವೆಲ್ಡಿನಲ್ಲಿ ಬರುವುದಿಲ್ಲ, ಅದರ ಪಕ್ಕದಲ್ಲೇ ಬರುತ್ತದೆ. ಇಂಥ ಕಡೆ ಸರಿಯಾದ ದಾರಿ ಹಿತ್ತಾಳೆಯ ಬ್ರೇಜಿಂಗ್. ಬಿರುಕನ್ನು ‘ವಿ’ ಆಕಾರದಲ್ಲಿ ಕೊರೆದು, ತುದಿಯಲ್ಲಿ ಸಣ್ಣ ರಂಧ್ರ ಹಾಕಿ ಮುಂದೆ ಸಾಗದಂತೆ ತಡೆದು, ಇಡೀ ತುಂಡನ್ನು ನಿಧಾನವಾಗಿ ಬಿಸಿಮಾಡಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿತ್ತಾಳೆ ತುಂಬಬೇಕು. ಬೀಡು ಕರಗಲು ಇನ್ನೂ 200 ಡಿಗ್ರಿಗಿಂತ ಹೆಚ್ಚು ಬೇಕಾದ್ದರಿಂದ ಅದು ಕರಗದೆ ಹಿತ್ತಾಳೆಯನ್ನು ಅಂಟಿಸಿಕೊಳ್ಳುತ್ತದೆ. ಆಮೇಲೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ಇಡೀ ರಾತ್ರಿ ತಣಿಯಲು ಬಿಡಬೇಕು. ಅವಸರಪಟ್ಟರೆ ಎಲ್ಲವೂ ವ್ಯರ್ಥ. ಇಷ್ಟಾದ ಮೇಲೂ ಅದನ್ನು ಹಗುರವಾದ ಕೆಲಸಕ್ಕೆ ಮಾತ್ರ ಬಳಸಿ ಎಂದೇ ನನ್ನ ಸಲಹೆ. ಸಿಡಿದ ಮೂಲೆಯನ್ನಂತೂ ಹಾಗೆಯೇ ಬಿಡಿ. ಅದರ ಚೂಪು ಅಂಚನ್ನು ಅರದಿಂದ ಸ್ವಲ್ಪ ಉಜ್ಜಿದರೆ ಸಾಕು. ದವಡೆ ಪಟ್ಟಿಗೆ ಹಿಂದಿನಿಂದ ಪೂರ್ತಿ ಆಧಾರ ಸಿಗುತ್ತಿದ್ದರೆ ಆ ಮೂಲೆ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ.

ಬಿರುಕಿಲ್ಲವೆಂದು ಖಾತ್ರಿಯಾದರೆ ಸ್ಕ್ರೂವಿನ ಕಡೆಗೆ ಬನ್ನಿ. ಕೊಟ್ಟಿಗೆಯಲ್ಲಿ ಬಿದ್ದಿದ್ದ ವೈಸ್ ಆದ್ದರಿಂದ ಎಣ್ಣೆ ಹಾಕುವ ಮುನ್ನ ಅದನ್ನು ತೊಳೆಯಬೇಕು. ಗಂಜಲದ ಲವಣಗಳು ತುಕ್ಕಿನ ಪದರದೊಳಗೆ ಕುಳಿತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ಅವುಗಳ ಮೇಲೆ ಎಣ್ಣೆ ಸುರಿದರೆ ಕೆಳಗೆ ತುಕ್ಕು ನಡೆಯುತ್ತಲೇ ಇರುತ್ತದೆ. ಬಿಸಿನೀರು ಮತ್ತು ಸಾಬೂನಿನಿಂದ ಎರಡು ಮೂರು ಸಲ ಉಜ್ಜಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ನಂತರ ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ಕಡೆ ಇಳಿಸಿ: ಸ್ಕ್ರೂ ನಟ್‌ನೊಳಗೆ ಹೋಗುವಲ್ಲಿ, ಸ್ಲೈಡಿನ ನಾಲ್ಕೂ ಬದಿಗೆ, ಹಿಡಿಯ ಹಿಂದಿನ ಬಳೆಯಂಥ ಕಾಲರ್‌ಗೆ. ಅಸಿಟೋನ್ ಮತ್ತು ಕಾರಿನ ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಭಾಗ ಬೆರೆಸಿದ ಮಿಶ್ರಣ ಚೆನ್ನಾಗಿ ಒಳಗಿಳಿಯುತ್ತದೆ. ಪ್ರತಿಸಲ ಕುಲುಕಿ ಹಾಕಬೇಕು, ಬೆಂಕಿಯಿಂದ ದೂರವಿಡಬೇಕು. ದಿನಕ್ಕೆರಡು ಸಲ ಹಾಕುತ್ತಾ, ನಡುನಡುವೆ ಸಣ್ಣ ಸುತ್ತಿಗೆಯಿಂದ ಸ್ಕ್ರೂವಿನ ತಲೆಯನ್ನು ಮೆಲ್ಲಗೆ ತಟ್ಟುತ್ತಾ ಒಂದು ವಾರ ಕಾಯಿರಿ. ತಟ್ಟುವಿಕೆಯ ಕಂಪನವೇ ಎಣ್ಣೆಗೆ ದಾರಿ ಮಾಡುತ್ತದೆ. ಸುತ್ತಿಗೆ ಬೀಡಿನ ಮೈಗೆ ತಾಗಬಾರದು.

ಆಮೇಲೂ ತಿರುಗದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆಮಾಡಿ. ಹಿಡಿ ಕೂದಲೆಳೆಯಷ್ಟಾದರೂ ಆಡಿ ಅಲ್ಲೇ ಗಟ್ಟಿಯಾಗಿ ನಿಂತರೆ ಸ್ಕ್ರೂ ಬಿಡುಗಡೆಯಾಗಿದೆ, ಸ್ಲೈಡ್ ಹಿಡಿದುಕೊಂಡಿದೆ. ಹಿಡಿ ಕಲ್ಲಿನಂತಿದ್ದರೆ ನಟ್‌ನಲ್ಲಿ ತುಕ್ಕು. ಹಿಡಿ ಸುಮ್ಮನೆ ಸುತ್ತುತ್ತಾ ದವಡೆ ಕದಲದಿದ್ದರೆ ಪಿನ್ ಮುರಿದಿದೆ ಅಥವಾ ನಟ್‌ನ ಎಳೆಗಳು (ಸುರುಳಿ ಗೆರೆಗಳು) ಸವೆದುಹೋಗಿವೆ. ನಟ್‌ನಲ್ಲಿ ಸಿಕ್ಕಿದ್ದರೆ ಗ್ಯಾಸ್ ಟಾರ್ಚಿನ ಮೃದುವಾದ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ನಟ್ ಇರುವ ಭಾಗದ ಸುತ್ತ ಆಡಿಸಿ. ಮೊದಲು ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿರಬೇಕು. ಕೆಲಸ ಬಯಲಿನಲ್ಲೇ ನಡೆಯಬೇಕು. ನೀರಿನ ಹನಿ ಬಿದ್ದರೆ ಚುರ್ ಎನ್ನುವಷ್ಟು ಬಿಸಿಯಾದರೆ ಸಾಕು, ಕೆಂಪಗಾಗಿಸುವುದು ಬೇಡ. ತಣಿಯುತ್ತಿರುವಾಗ ಹಿಡಿಯನ್ನು ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪ ಆಡಿಸಿ. ಒಂದೇ ದಿಕ್ಕಿಗೆ ಬಲ ಹಾಕಿದರೆ ತುಕ್ಕಿನ ಪುಡಿ ಎಳೆಗಳ ನಡುವೆ ಬೆಣೆಯಾಗುತ್ತದೆ. ಪೈಪು ಮಾತ್ರ ಬೇಡ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸ್ಪ್ರಿಂಗ್, ವಾಷರ್, ಪಿನ್ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಹಿಂದಿರುಗಬೇಕು. ಮುಂಭಾಗದಲ್ಲಿ ಹಿಡಿಯ ಪಕ್ಕ ಪುಟ್ಟ ಲಿವರ್ ಇರುವ ವೈಸ್ ಮುಂದೆ ನಿಮಗೆ ಸಿಕ್ಕರೆ ಅದು ಬೇರೆ ಜಾತಿಯದು. ಅದರಲ್ಲಿ ಅರ್ಧ ನಟ್ ಇರುತ್ತದೆ. ಲಿವರ್ ಒತ್ತಿದಾಗ ಅದು ಸ್ಕ್ರೂವಿನಿಂದ ಕೆಳಗಿಳಿದು ದವಡೆಯನ್ನು ಒಮ್ಮೆಲೇ ಸರಿಸಬಹುದು. ಈ ಏರ್ಪಾಡನ್ನು ಹೆಸರುವಾಸಿ ಮಾಡಿದ್ದು ಯಾರ್ಕ್‌ಶೈರಿನ ಪಾರ್ಕಿನ್‌ಸನ್ ಕಂಪನಿಯ ‘ಪರ್ಫೆಕ್ಟ್’ ವೈಸ್. ಅರ್ಧ ನಟ್‌ನಲ್ಲಿ ಕಚ್ಚುವ ಎಳೆ ಕಡಿಮೆ, ಹಾಗಾಗಿ ಸವೆತ ಬೇಗ. ಅಂಥದ್ದನ್ನು ಕೊಳ್ಳುವ ಮುನ್ನ ಬಲವಾಗಿ ಬಿಗಿದು, ಎಳೆ ಜಿಗಿಯುತ್ತದೆಯೇ ಎಂದು ನೋಡಲೇಬೇಕು.

ತುಕ್ಕು ತೆಗೆಯಲು ನಾನು ಮೆಚ್ಚುವ ವಿಧಾನ ವಿದ್ಯುದ್ವಿಭಜನೆ, ಏಕೆಂದರೆ ಅದು ತುಕ್ಕನ್ನು ಮಾತ್ರ ಬಿಡಿಸುತ್ತದೆ, ಒಳ್ಳೆಯ ಲೋಹವನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, 4 ಲೀಟರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ ಕರಗಿಸಿ. ಬಟ್ಟೆ ಒಗೆಯಲು ಬಳಸುವ ಸೋಡಾ ಸಾಕು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ವೈಸ್‌ನ ಭಾಗಕ್ಕೆ, ಧನ ತಂತಿಯನ್ನು ಬೇಡವಾದ ಸಾಧಾರಣ ಕಬ್ಬಿಣದ ಹಾಳೆಗೆ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿ. ತಂತಿ ಅದಲುಬದಲಾದರೆ ವೈಸೇ ಕರಗಲು ತೊಡಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುನ್ನ ಎರಡು ಬಾರಿ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಅಥವಾ ಚಮಚವನ್ನು ಧನ ತುದಿಗೆ ಎಂದಿಗೂ ಕಟ್ಟಬೇಡಿ. ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಸರಿಯಾಗಿ ಮಾಡಿದಾಗಲೂ ಜಲಜನಕದ ಗುಳ್ಳೆಗಳು ಏಳುತ್ತವೆ. ಹಾಗಾಗಿ ಈ ಕೆಲಸ ಅಂಗಳದಲ್ಲಿ, ಬೀಡಿ ಸಿಗರೇಟಿನಿಂದ ದೂರ. ಒಂದು ರಾತ್ರಿ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಬ್ರಷ್‌ಗೆ ಬರುತ್ತದೆ. ಹೊರಗೆ ತೆಗೆದ ಕೂಡಲೇ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ ಎಣ್ಣೆ ಹಚ್ಚಬೇಕು. ಮಳೆಗಾಲದಲ್ಲಿ ಒಂದು ಗಂಟೆ ತಡವಾದರೂ ಕಿತ್ತಳೆ ಬಣ್ಣದ ಹೊಸ ತುಕ್ಕು ಕೂರುತ್ತದೆ.

ಹುಣಸೆಹಣ್ಣು, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ವಿನೆಗರ್ ಎಲ್ಲವೂ ತುಕ್ಕು ತೆಗೆಯುತ್ತವೆ, ನಿಜ. ಆದರೆ ಆಮ್ಲ ತುಕ್ಕು ಮುಗಿದ ಮೇಲೆ ಕಬ್ಬಿಣವನ್ನು ತಿನ್ನಲು ಶುರುಮಾಡುತ್ತದೆ. ತಿರುಪು, ವಾಷರ್‌ಗಳಂಥ ಸಣ್ಣ ಉಕ್ಕಿನ ತುಂಡುಗಳಿಗೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪಿನ ನೀರು ಪರವಾಗಿಲ್ಲ, ಕೆಲವು ಗಂಟೆ ಮಾತ್ರ. ಸ್ಪ್ರಿಂಗ್ ಅನ್ನು ಆಮ್ಲದಲ್ಲೂ ಹಾಕಬೇಡಿ, ವಿದ್ಯುತ್ತಿನ ಟಬ್ಬಿನಲ್ಲೂ ಹಾಕಬೇಡಿ. ಎರಡರಲ್ಲೂ ಹುಟ್ಟುವ ಜಲಜನಕ ಗಡುಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಸ್ಪ್ರಿಂಗಿಗೆ ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್ ಸಾಕು.

ಸವೆದ ತಿರುಪುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ವೈಸ್ ಕೆಡಿಸುವುದು ಇಲ್ಲೇ. ಸೀಳಿನಲ್ಲಿ ಕೂತ ಕೊಳೆಯನ್ನು ಸೂಜಿಯಿಂದ ತೆಗೆದು, ಹ್ಯಾಕ್‌ಸಾ ಬ್ಲೇಡಿನಿಂದ ಸೀಳನ್ನು ಚೂಪು ಮಾಡಿ. ಸೀಳಿನ ಪೂರ್ತಿ ಅಗಲಕ್ಕೆ ಹೊಂದುವ ತುದಿಯನ್ನು ಇಂಪ್ಯಾಕ್ಟ್ ಡ್ರೈವರಿಗೆ ಹಾಕಿ ಸುತ್ತಿಗೆಯಿಂದ ಹೊಡೆಯಿರಿ. ಪ್ರತಿ ಹೊಡೆತ ತಿರುಪನ್ನು ಒತ್ತುತ್ತಲೇ ತಿರುಗಿಸುವುದರಿಂದ ತುದಿ ಜಾರುವುದಿಲ್ಲ. ಬರದಿದ್ದರೆ ದವಡೆಯ ಹಿಂಭಾಗವನ್ನು ಬಿಸಿಮಾಡಿ ಮತ್ತೆ ಪ್ರಯತ್ನಿಸಿ. ಕಡೆಯ ಉಪಾಯವೆಂದರೆ ತಿರುಪಿನ ತಲೆಯನ್ನಷ್ಟೇ ಡ್ರಿಲ್ ಮಾಡಿ ಪಟ್ಟಿಯನ್ನು ತೆಗೆದು, ಉಳಿದ ಕಡ್ಡಿಯನ್ನು ಪ್ಲೈಯರಿನಿಂದ ಹಿಡಿದು ಬಿಚ್ಚುವುದು.

ಹೊಸ ತಿರುಪು ಹಾಕುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ತಿರುಪನ್ನು ಬಲವಂತವಾಗಿ ಇಳಿಸಬೇಡಿ. ಆ ಕಾಲದ ಇಂಗ್ಲಿಷ್ ವೈಸ್‌ಗಳ ಎಳೆ ವಿಟ್‌ವರ್ತ್ ಅಳತೆಯದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಆ ಅಳತೆಯಲ್ಲಿ ಎಳೆಯ ಕೋನ 55 ಡಿಗ್ರಿ. ಮೆಟ್ರಿಕ್‌ನಲ್ಲಿ ಅದು 60. 5/16 ಇಂಚಿನ ವಿಟ್‌ವರ್ತ್ ತಿರುಪಿನ ದಪ್ಪ 7.94 ಮಿಲಿಮೀಟರ್ ಆದ್ದರಿಂದ 8 ಮಿಲಿಮೀಟರಿನ ತಿರುಪು ಒಂದೆರಡು ಸುತ್ತು ಇಳಿದು ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಮೊದಲನೆಯದಕ್ಕೆ ಇಂಚಿಗೆ 18 ಎಳೆ, ಎರಡನೆಯದಕ್ಕೆ 20ಕ್ಕಿಂತ ಸ್ವಲ್ಪ ಹೆಚ್ಚು. ಮೂರನೆಯ ಸುತ್ತಿನಲ್ಲಿ ಬೀಡಿನ ಎಳೆಗಳು ಪುಡಿಯಾಗುತ್ತವೆ. ಎಳೆಗಳನ್ನು ಅಳೆಯುವ ಥ್ರೆಡ್ ಗೇಜ್ ಇಟ್ಟು ನೋಡಿ, ಅದೇ ಅಳತೆಯ ತಿರುಪನ್ನು ಲೇತಿನಲ್ಲಿ ಮಾಡಿಸಿ. ಹುಬ್ಬಳ್ಳಿಯಲ್ಲಾಗಲಿ ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ ಹಳೆಯ ಲೇತ್ ಕೆಲಸಗಾರರ ಬಳಿ ವಿಟ್‌ವರ್ತ್ ಟ್ಯಾಪ್‌ಗಳು (ರಂಧ್ರದೊಳಗೆ ಎಳೆ ಕೊರೆಯುವ ಸಾಧನಗಳು) ಇನ್ನೂ ಸಿಗುತ್ತವೆ. ಕೇಳಿದರೆ ಸಂತೋಷದಿಂದ ಹೊರತೆಗೆಯುತ್ತಾರೆ.

ದವಡೆ ಪಟ್ಟಿಗಳ ಅಡ್ಡಗೆರೆ ಸ್ವಲ್ಪ ಸವೆದಿದ್ದರೆ ಹಾಗೇ ಇಟ್ಟುಕೊಳ್ಳಿ. ಪೂರ್ತಿ ಹೋಗಿದ್ದರೆ ಇಎನ್ 8 ಉಕ್ಕಿನಲ್ಲಿ ಹೊಸದನ್ನು ಮಾಡಿಸಬಹುದು. ಹಳೆಯ ಪಟ್ಟಿಯನ್ನು ಎಸೆಯಬೇಡಿ. ಜೋಡಿಸಿದ ಮೇಲೆ ದವಡೆಗಳನ್ನು ಮೆಲ್ಲಗೆ ಮುಚ್ಚಿದಾಗ ಮೇಲಂಚು ಮೊದಲು ಕೂಡಿ ಕೆಳಗೆ ಬೆಳಕಿನ ಸಣ್ಣ ಎಳೆ ಕಂಡರೆ ಅದು ದೋಷವಲ್ಲ. ಬಿಗಿದಾಗ ಮುಂದಿನ ದವಡೆ ಸ್ವಲ್ಪ ಹಿಂದಕ್ಕೆ ವಾಲುವುದರಿಂದ ಹಾಗೆ ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನು ‘ಸರಿಮಾಡಲು’ ಗ್ರೈಂಡ್ ಮಾಡಿಸಿದರೆ ಮೇಲ್ಭಾಗದ ಹಿಡಿತ ಶಾಶ್ವತವಾಗಿ ಹೋಗುತ್ತದೆ. ಎಡಕ್ಕೂ ಬಲಕ್ಕೂ ಒಂದೊಂದು ಕಾಗದದ ಪಟ್ಟಿ ಇಟ್ಟು ಬಿಗಿದು ಎಳೆದು ನೋಡಿ. ಎರಡೂ ಒಂದೇ ಬಿಗಿಯಲ್ಲಿ ನಿಂತರೆ ನಿಮ್ಮ ವೈಸ್ ಆರೋಗ್ಯವಾಗಿದೆ.

ಈಗ ಬಣ್ಣ. ಪೌಡರ್ ಕೋಟಿಂಗ್ ದಪ್ಪ ಪದರ. ಉಬ್ಬಕ್ಷರದ ಅಂಚನ್ನು ಮುಚ್ಚುತ್ತದೆ. ದಶಕಗಳ ಎಣ್ಣೆ ಕುಡಿದ ಬೀಡನ್ನು ಒಲೆಯಲ್ಲಿ ಸುಮಾರು 200 ಡಿಗ್ರಿಗೆ ಬಿಸಿಮಾಡಿದಾಗ ಒಳಗಿನ ಎಣ್ಣೆ ಆವಿಯಾಗಿ ಪದರದಲ್ಲಿ ಗುಳ್ಳೆ ಏಳಿಸುತ್ತದೆ. ಒಮ್ಮೆ ಚಕ್ಕೆ ಎದ್ದರೆ ತೇಪೆ ಹಾಕಲೂ ಬರುವುದಿಲ್ಲ. ರೆಕಾರ್ಡ್ ಎಂದರೆ ನೀಲಿ. ದವಡೆ ಪಟ್ಟಿಯ ಹಿಂದೆ, ಬುಡದ ಅಡಿಯಲ್ಲಿ ಬೆಳಕು ತಾಗದ ಜಾಗದಲ್ಲಿ ಮೂಲ ಬಣ್ಣದ ಚೂರು ಸಿಗುತ್ತದೆ. ಆ ಚೂರಿಗೆ ಹೊಂದುವ ಸಾಧಾರಣ ಎನಾಮಲ್ ಅನ್ನು ಪ್ರೈಮರಿನ ಮೇಲೆ ಬ್ರಷ್‌ನಿಂದ ತೆಳುವಾಗಿ ಹಚ್ಚಿ. ಸ್ಲೈಡ್, ದವಡೆ ಪಟ್ಟಿ ಕೂರುವ ಜಾಗ, ಬುಡದ ತಳ, ಹಿಡಿ ಇವುಗಳಿಗೆ ಬಣ್ಣ ತಾಗಬಾರದು. ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಹೊಸ ಬಣ್ಣವೇ ಬೇಡ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಬೇಡಿ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಧರಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಬರಿಯ ಲೋಹಕ್ಕೆ ಕುದಿಸಿದ ಅಗಸೆ ಎಣ್ಣೆಯ ತೆಳು ಲೇಪ ಚೆನ್ನ. ಒರೆಸಿದ ಬಟ್ಟೆಯನ್ನು ಮುದುಡಿ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ ಅಥವಾ ಬಯಲಿನಲ್ಲಿ ಹರಡಿ ಒಣಗಿಸಿ. ಸ್ಕ್ರೂವಿಗೆ ಮತ್ತು ಕಾಲರಿಗೆ ಗ್ರೀಸ್, ಸ್ಲೈಡಿಗೆ ಮಾತ್ರ ತೆಳು ಎಣ್ಣೆ. ಸ್ಲೈಡಿಗೂ ಗ್ರೀಸ್ ಬಳಿದರೆ ಅರದ ಪುಡಿ ಅಂಟಿ ಉಜ್ಜುವ ಕಾಗದದ ಕೆಲಸ ಮಾಡುತ್ತದೆ.

ಬೆಂಚಿಗೆ ಕೂರಿಸುವಾಗ ಹಿಂದಿನ ದವಡೆಯ ಮುಖ ಬೆಂಚಿನ ಅಂಚಿನಿಂದ ಸ್ವಲ್ಪ ಹೊರಗಿರಲಿ. ಉದ್ದನೆಯ ಸರಳನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಹಿಡಿಯಲು ಆಗ ಮಾತ್ರ ಸಾಧ್ಯ. ಎತ್ತರಕ್ಕೆ ಐಟಿಐಗಳಲ್ಲಿ ಹೇಳಿಕೊಡುವ ಅಳತೆಯೇ ಸರಿ: ಮೊಣಕೈಯನ್ನು ದವಡೆಯ ಮೇಲೂರಿ ಮುಷ್ಟಿ ಹಿಡಿದರೆ ಅದು ಗಲ್ಲಕ್ಕೆ ತಾಗಬೇಕು. ಬುಡದ ಕೆಳಗೆ ಬೆಂಚು ಸಮತಟ್ಟಾಗಿರಲಿ. ಉಬ್ಬುತಗ್ಗಿನ ಮೇಲೆ ಬೋಲ್ಟು ಬಿಗಿದರೆ ಕಿವಿ ಮುರಿಯುತ್ತದೆ.

ಸಂಗ್ರಹದ ಆಸೆಗೆ ಬರೋಣ. ಹಳೆಯ ವೈಸ್ ಹುಡುಕಲು ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಬೀದಿಗಳು, ಎಸ್.ಪಿ. ರಸ್ತೆಯ ಹಳೆಯ ಉಪಕರಣಗಳ ಅಂಗಡಿಗಳು, ಪೀಣ್ಯದಲ್ಲಿ ಮುಚ್ಚುವ ಸಣ್ಣ ಕಾರ್ಖಾನೆಗಳ ವಿಲೇವಾರಿ ಇವೆ. ರೈಲ್ವೆ ಮತ್ತು ಸರ್ಕಾರಿ ಕಾರ್ಖಾನೆಗಳ ಹರಾಜುಗಳನ್ನೂ ಗಮನಿಸಿ. ಅಮೆರಿಕದ ಸಂಗ್ರಾಹಕರು ಬೆನ್ನು ಹತ್ತುವ ಹೆಸರುಗಳು ಬೇರೆ: ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ರೀಡ್, ಕನೆಕ್ಟಿಕಟ್‌ನ ಚಾರ್ಲ್ಸ್ ಪಾರ್ಕರ್, ಹ್ಯೂ ವೋಗ್ಲ್ 1941ರಲ್ಲಿ ಷಿಕಾಗೊದಲ್ಲಿ ಆರಂಭಿಸಿದ ವಿಲ್ಟನ್. ವಿಲ್ಟನ್‌ನ ಬಂದೂಕಿನ ಗುಂಡಿನಾಕಾರದ ಮೈಯೊಳಗೆ ಸ್ಕ್ರೂ ಪೂರ್ತಿ ಮುಚ್ಚಿಕೊಂಡಿರುತ್ತದೆ, ಸ್ಲೈಡಿನ ಕೆಳಗೆ ತಾರೀಖೂ ಅಚ್ಚಾಗಿರುತ್ತದೆ. ಚೆಂದದ ವೈಸ್, ಒಪ್ಪುತ್ತೇನೆ. ಆದರೆ ಅಲ್ಲಿಂದ ತರಿಸುವ ಸಾಗಣೆ ವೆಚ್ಚದಲ್ಲಿ ಇಲ್ಲೇ ಹಲವು ಒಳ್ಳೆಯ ವೈಸ್‌ಗಳು ಸಿಗುತ್ತವೆ.

ಕೊಳ್ಳುವಾಗ ಹೊಸದಾಗಿ ದಪ್ಪ ಬಣ್ಣ ಬಳಿದಿರುವ ವೈಸ್‌ಗಿಂತ ತುಕ್ಕು ಹಿಡಿದದ್ದನ್ನೇ ಆರಿಸಿ. ತುಕ್ಕು ಏನನ್ನೂ ಮುಚ್ಚಿಡುವುದಿಲ್ಲ, ಬಣ್ಣದ ಕೆಳಗೆ ವೆಲ್ಡಿನ ಗಂಟು ಇರಬಹುದು. ಸೀಮೆಸುಣ್ಣದ ಚೂರು ಮತ್ತು ಕಾಗದದ ಪಟ್ಟಿ ಜೇಬಿನಲ್ಲಿರಲಿ. ದವಡೆಯನ್ನು ಮುಕ್ಕಾಲು ತೆರೆದು ಕೈಯಿಂದ ಮೇಲೆ ಕೆಳಗೆ ಅಲುಗಿಸಿ ನೋಡಿ. ಸ್ವಲ್ಪ ಆಟ ಸಹಜ, ಗಡಗಡ ಎಂದರೆ ಬಿಟ್ಟುಬಿಡಿ. ಹಿಡಿ ಬಾಗಿದ್ದರೆ ಅದಕ್ಕೆ ಯಾರೋ ಪೈಪು ಹಾಕಿದ್ದಾರೆಂದು ಅರ್ಥ, ಬಿರುಕನ್ನು ಇನ್ನಷ್ಟು ಎಚ್ಚರದಿಂದ ಹುಡುಕಿ.

ನಿಮ್ಮ ಎರಡನೆಯ ವೈಸ್ ಯಾವುದಿರಬೇಕೆಂದು ಕೇಳಿದರೆ, ಕಮ್ಮಾರರ ಕಾಲಿನ ವೈಸ್ ಎನ್ನುತ್ತೇನೆ. ಅದು ಬೀಡಿನದಲ್ಲ, ಬಡಿದು ಮಾಡಿದ ಕಬ್ಬಿಣದ್ದು. ಉದ್ದನೆಯ ಕಾಲು ನೆಲಕ್ಕೆ ಊರಿಕೊಂಡು ಸುತ್ತಿಗೆಯ ಪೆಟ್ಟನ್ನು ಭೂಮಿಗೆ ಸಾಗಿಸುತ್ತದೆ. ಬಡಿಯುವ, ಬಾಗಿಸುವ ಕೆಲಸವೆಲ್ಲ ಅದರಲ್ಲಿ ನಡೆದರೆ ಅಜ್ಜನ ರೆಕಾರ್ಡ್ ಅರದ ಕೆಲಸಕ್ಕೆ ಮಾತ್ರ ಮೀಸಲಾಗುತ್ತದೆ. ಹಳ್ಳಿಯ ಕುಲುಮೆಗಳು ಮುಚ್ಚುತ್ತಿರುವ ಕಡೆಗಳಲ್ಲಿ ವಿಚಾರಿಸಿ. ದವಡೆಯನ್ನು ತೆರೆಯುವ ಚಪ್ಪಟೆ ಸ್ಪ್ರಿಂಗ್ ಮತ್ತು ಬೆಂಚಿಗೆ ಬಿಗಿಯುವ ಪಟ್ಟಿ ಹೆಚ್ಚಾಗಿ ಕಳೆದುಹೋಗಿರುತ್ತವೆ. ಅವೆರಡನ್ನೂ ಕಮ್ಮಾರರೇ ಹಳೆಯ ಲಾರಿ ಪಾಟಾ ಸ್ಪ್ರಿಂಗಿನಿಂದ ಮಾಡಿಕೊಡಬಲ್ಲರು. ಸ್ಕ್ರೂ ಮತ್ತು ಅದು ಕೂರುವ ಪೆಟ್ಟಿಗೆಯ ಎಳೆಗಳು ಚೆನ್ನಾಗಿದ್ದರೆ ಉಳಿದ ಯಾವ ಕೊರತೆಗೂ ಹೆದರದೆ ಕೊಳ್ಳಿ.